ಸ್ತಾಮೆನಾ ಕೊಡದ ಗ್ಲೋಗ್ ಮರ

ಚೆರ್ವೆನ್ ದೋಲ್ ಊರಿನಲ್ಲಿ ಯಾರಾದರೂ ಹೊಸ ಮನೆ ಕಟ್ಟಿದರೆ ಮೊದಲು ಪಾದ್ರಿಯನ್ನು ಕರೆಯುತ್ತಿದ್ದರು, ಆಮೇಲೆ ಸ್ತಾಮೆನಾಳನ್ನು. ಪಾದ್ರಿ ನೀರು ಚಿಮುಕಿಸಿ, ಊಟ ಮುಗಿಸಿ ಹೊರಟುಬಿಡುತ್ತಿದ್ದ. ಸ್ತಾಮೆನಾ ಅಷ್ಟು ಸುಲಭಕ್ಕೆ ಹೊರಡುವವಳಲ್ಲ. ಅಂಗಳದ ನಾಲ್ಕೂ ಮೂಲೆ ತುಳಿದು, ಬಾವಿ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮನೆಯೊಡತಿ ಬಟ್ಟೆ ಎಲ್ಲಿ ಒಣಹಾಕುತ್ತಾಳೆ ಎಂದೆಲ್ಲ ವಿಚಾರಿಸಿ, ಮನೆಯವರಿಗೆ ಒಂದು ಸುತ್ತು ಬೈದು, ಕೊನೆಗೆ ಗೇಟಿನ ಪಕ್ಕ ಹಿಮ್ಮಡಿಯಿಂದ ನೆಲ ಒತ್ತಿ "ಇಲ್ಲಿ" ಅನ್ನುತ್ತಿದ್ದಳು. ಗ್ಲೋಗ್ ಮರ ಅಲ್ಲಿ ಬರಬೇಕು ಎಂದು ಅರ್ಥ.

ಗ್ಲೋಗ್ ಅಂದರೆ ನಮ್ಮ ಗುಡ್ಡದ ಮುಳ್ಳುಮರ. ವಸಂತದಲ್ಲಿ ಮೈತುಂಬ ಬಿಳಿ ಹೂ, ಎಲೆ ಉದುರುವ ಕಾಲಕ್ಕೆ ಕೆಂಪು ಕಾಯಿ, ವರ್ಷವಿಡೀ ಬೆರಳುದ್ದದ ಮುಳ್ಳು. ಬೇರೆ ಊರಿನವರು ಅದನ್ನು ಹೊಲದ ಬದುವಿಗೆ ಬಿಟ್ಟು ಸುಮ್ಮನಿರುತ್ತಾರೆ. ನಮ್ಮವರಿಗೆ ಅದು ಗೇಟಿನಲ್ಲಿ ನಿಂತಿಲ್ಲದಿದ್ದರೆ ಮನೆಗೆ ಮುಖವೇ ಇಲ್ಲ. ಊರಿನ ನಲವತ್ತಕ್ಕೂ ಹೆಚ್ಚು ಗೇಟುಗಳಲ್ಲಿ ನಿಂತಿದ್ದ ಮರಗಳು ಸ್ತಾಮೆನಾ ಆರಿಸಿ ಕೊಟ್ಟವು.

ಅವಳು ಮರ ಆರಿಸುತ್ತಿದ್ದುದು ಎಲೆಯೆಲ್ಲ ಉದುರಿದ ಮೇಲೆ. ಎಲೆ ಇರುವಾಗ ಎಲ್ಲ ಮರವೂ ಚೆಂದವೇ ಎಂಬುದು ಅವಳ ವಾದ. ಮನೆಯವರನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿ, ಐದಾರು ವರ್ಷದ ಎಳೆಯ ಮರಗಳ ಸುತ್ತ ಸುತ್ತುತ್ತಿದ್ದಳು. ಕಾಂಡ ಒಂದೇ ಇರಬೇಕು, ಮಂಜು ಬಿದ್ದ ಮೇಲೂ ಕಾಯಿ ಕಚ್ಚಿಕೊಂಡಿರಬೇಕು, ಹಳೆಯ ಹಕ್ಕಿಗೂಡು ಇದ್ದರೆ ಇನ್ನೂ ಒಳ್ಳೆಯದು. ಮೆಚ್ಚಿಗೆಯಾದರೆ ಏಪ್ರನ್ ಜೇಬಿನಿಂದ ಕೆಂಪು ಉಣ್ಣೆಯ ನೂಲು ತೆಗೆದು ಉತ್ತರ ದಿಕ್ಕಿನ ಕೊಂಬೆಗೆ ಕಟ್ಟುತ್ತಿದ್ದಳು. ಹೊಸ ಜಾಗದಲ್ಲೂ ಆ ಕೊಂಬೆ ಉತ್ತರಕ್ಕೇ ಇರಬೇಕು.

ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಗುಡ್ಡದ ಮೇಲೆ ಮೂಗು ಮುರಿದಳು. "ಮುಳ್ಳಿಲ್ಲದ್ದು ಸಿಗಲ್ವಾ ದೊಡ್ಡಮ್ಮ? ಪೇಟೆ ನರ್ಸರಿಯಲ್ಲಿ ಗುಲಾಬಿ ಬಣ್ಣದ ಹೂ ಬಿಡೋದು ಇದೆಯಂತೆ."

"ಇದೆ. ಕಾಯಿ ಬಿಡಲ್ಲ, ಹಕ್ಕಿ ಕೂರಲ್ಲ, ಮೂರು ವರ್ಷಕ್ಕೆ ಎಲೆಯೆಲ್ಲ ಚುಕ್ಕಿ ಬಿದ್ದು ಆಗಸ್ಟಿಗೇ ಬೋಳು. ಗಂಡನ್ನೂ ಬಣ್ಣ ನೋಡಿ ಆರಿಸಿದ್ಯೇನೇ?"

ಹುಡುಗಿಯ ಗಂಡ ಕಿಸಕ್ಕನೆ ನಕ್ಕ.

"ನೀನ್ಯಾಕಯ್ಯಾ ನಗ್ತೀಯ? ನಿನ್ನಂಥೋನಿಗೆ ಅವಳು ಹ್ಞೂಂ ಅಂದಾಯ್ತು. ಗುದ್ದಲಿ ಹಿಡಿ."

ಹೀಗಿದ್ದಳು ಸ್ತಾಮೆನಾ. ಸಹಕಾರಿ ತೋಟದ ನರ್ಸರಿಯಲ್ಲಿ ಇಪ್ಪತ್ತು ವರ್ಷ ಕಸಿ ಕಟ್ಟಿದ ಕೈ ಅವಳದು. ಬಾಯಿ ಒರಟು, ಕೈ ಮೃದು ಎಂದು ಜನ ಸಹಿಸಿಕೊಂಡಿದ್ದರು. ಜನ ಸಹಿಸಿಕೊಂಡಿದ್ದಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಗೌರವಿಸುತ್ತಾರೆ ಎಂದುಕೊಂಡಿದ್ದಳು.

ಅವಳ ಸ್ವಂತ ಗೇಟಿನ ಮರದ ಕತೆ ಬೇರೆ. ಮದುವೆಯಾಗಿ ನದಿಯಾಚೆಯ ಊರಿಗೆ ಹೋದವಳು ಮೂವತ್ತೊಂದನೆಯ ವಯಸ್ಸಿಗೆ ಒಂದೇ ಒಂದು ಪೆಟ್ಟಿಗೆ ಹಿಡಿದು ವಾಪಸು ಬಂದಳು. ಗಂಡ ಬೇರೊಬ್ಬಳನ್ನು ಮನೆಗೆ ತಂದಿದ್ದ. ತಮ್ಮ ಗೆರಾಸಿಮ್ ಆಗ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕಿದ್ದ, ಹೊಸದಾಗಿ ಸಂಸಾರ ಹೂಡಿದ್ದ. ಅಕ್ಕನನ್ನು ಕಂಡು ಏನಾಯಿತು, ಯಾಕಾಯಿತು ಎಂದು ಒಂದು ಮಾತೂ ಕೇಳಲಿಲ್ಲ. ಅಂಗಳದ ನಡುವೆ ಬೇಲಿ ಹಾಕಿ ಅರ್ಧ ಜಾಗ ಬಿಟ್ಟುಕೊಟ್ಟ. ಎರಡು ಕೋಣೆ ಎದ್ದ ಮೇಲೆ ಇಬ್ಬರೂ ಗುಡ್ಡ ಹತ್ತಿದರು. ಅವಳು ಆರಿಸಿದ ಮರವನ್ನು ಬೇರಿನ ಮಣ್ಣಿನ ಸಮೇತ ಗೋಣಿಯಲ್ಲಿ ಕಟ್ಟಿ ಅವನು ಹೆಗಲ ಮೇಲೆ ಹೊತ್ತು ತಂದ. ದಾರಿಯಲ್ಲಿ ಒಂದು ಮುಳ್ಳು ಅಂಗಿ ತೂರಿ ಹೆಗಲಲ್ಲಿ ಮುರಿಯಿತು. ಅದನ್ನು ಅವನು ಯಾರಿಗೂ ಕೀಳಲು ಬಿಡಲಿಲ್ಲ. ಮುಳ್ಳಿನ ಸುತ್ತ ಚರ್ಮ ಗಟ್ಟಿಯಾಗಿ ಗಂಟು ಕಟ್ಟಿತು. ರಾಕಿಯಾ ಸಾರಾಯಿ ಎರಡು ಲೋಟ ಒಳಗೆ ಹೋದರೆ ಅಂಗಿ ಸರಿಸಿ ಆ ಗಂಟನ್ನು ತೋರಿಸುತ್ತಿದ್ದ.

"ನೋಡ್ರಯ್ಯಾ, ನಮ್ಮಕ್ಕ ನನಗೆ ಕೊಟ್ಟಿರೋ ಬಾಡಿಗೆ ಇದು!"

"ಮುಚ್ಚೋ ಅಂಗೀನ, ಮಾನಗೆಟ್ಟೋನೇ" ಎಂದು ಅವಳು ಬೈಯುತ್ತಿದ್ದಳು. ಒಳಗೊಳಗೇ ಅವಳ ಎದೆ ತುಂಬಿ ಬರುತ್ತಿತ್ತು. ಈ ಲೋಕದಲ್ಲಿ ಅವಳಿಗೆ ತನ್ನವು ಅಂತ ಇದ್ದವು ಎರಡೇ: ಬೇಲಿಯಾಚೆಯ ತಮ್ಮ, ಗೇಟಿನ ಆ ಮರ.

ಸರಕಾರ ಬದಲಾಗಿ, ಸಹಕಾರಿ ತೋಟ ಮುಚ್ಚಿ, ಅದಕ್ಕೆ ಸೇರಿಹೋಗಿದ್ದ ಅಪ್ಪನ ಕಾಲದ ಜಮೀನು ವಾಪಸು ಬಂದಾಗ ಗೆರಾಸಿಮ್ ಗಣಿ ಬಿಟ್ಟು ಬಂದ. ಎದೆಯಲ್ಲಿ ಕಲ್ಲಿದ್ದಲ ಧೂಳು ಕೂತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಮನೆಯ ಹಿಂದಿನ ಇಳಿಜಾರಿನಲ್ಲಿ ನೂರ ಎಂಬತ್ತು ಮರಸೇಬು ನೆಟ್ಟ. ಪ್ರತಿಯೊಂದಕ್ಕೂ ಕಸಿ ಕಟ್ಟಿದವಳು ಸ್ತಾಮೆನಾ. ಏಳು ವರ್ಷ ಅವನು ಆ ಗಿಡಗಳಿಗೆ ಬಕೆಟಿನಲ್ಲಿ ನೀರು ಹೊತ್ತ. ಇಪ್ಪತ್ತೆರಡು ವರ್ಷ ನೆಲದಡಿ ಕತ್ತಲೆಯಲ್ಲಿ ಕಳೆದ ಮನುಷ್ಯ, ಬೆಳಗಾದರೆ ಕುರ್ಚಿ ಹಾಕಿಕೊಂಡು ಆ ಸಾಲುಗಳನ್ನೇ ನೋಡುತ್ತ ಕೂರುತ್ತಿದ್ದ. ಎಂಟನೆಯ ವರ್ಷ ತುಂಬು ಫಸಲು ಬರಬೇಕಿತ್ತು.

ವರ್ಷಕ್ಕೊಮ್ಮೆ, ಮೇ ಮೊದಲ ವಾರದ ಗೆರ್ಗ್ಯೋವ್‌ದೆನ್ ಹಬ್ಬದ ಬೆಳಗ್ಗೆ, ಸ್ತಾಮೆನಾ ತನ್ನ ಗೇಟಿನ ಮರದಿಂದ ಒಂದು ಕೊಂಬೆ ಕತ್ತರಿಸಿ ತಮ್ಮನ ತೋಟದ ಮೊದಲ ಮರಸೇಬಿಗೆ ತೂಗುಹಾಕುತ್ತಿದ್ದಳು. ಕುರಿಮರಿ ಸುಡಲು ಬೆಂಕಿ ಹಾಕುವ ಮೊದಲೇ ಇದು ಆಗಬೇಕು. ತೂಗುಹಾಕುವಾಗ "ಮುಳ್ಳು ನನಗೆ, ಹಣ್ಣು ನಿನಗೆ" ಎಂದು ಮೂರು ಸಲ ಹೇಳಬೇಕು. ಅಜ್ಜಿ ಹೇಳುತ್ತಿದ್ದಳು, ಅವ್ವ ಹೇಳುತ್ತಿದ್ದಳು, ಇವಳೂ ಹೇಳುತ್ತಿದ್ದಳು.

ಎಂಟನೆಯ ವರ್ಷದ ಚಳಿಗಾಲದ ಕೊನೆಗೆ ಸಸ್ಯ ಇಲಾಖೆಯಿಂದ ಪಾವುನೋವಾ ಎಂಬ ಇಂಜಿನಿಯರಮ್ಮ ಬಂದು ಊರವರನ್ನು ವಾಚನಾಲಯದಲ್ಲಿ ಸೇರಿಸಿದಳು. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದಳು. ಬೆಂಕಿರೋಗವಂತೆ. ಕೊಂಬೆಯ ತುದಿ ಸುಟ್ಟಂತೆ ಕಪ್ಪಾಗಿ, ಕುರುಬನ ಕೋಲಿನ ಹಾಗೆ ಬಾಗುತ್ತದೆ. ತೊಗಟೆಯಿಂದ ಜೇನಿನಂಥ ಅಂಟು ಒಸರುತ್ತದೆ. ಆ ಅಂಟು ನೊಣದ ಕಾಲಿಗೆ, ಕತ್ತರಿಯ ಅಲಗಿಗೆ ಹತ್ತಿ ಮರದಿಂದ ಮರಕ್ಕೆ ದಾಟುತ್ತದೆ, ಹೂವಿನ ಬಾಯಿಂದ ಒಳಗೆ ಹೋಗುತ್ತದೆ. ಮರಸೇಬಿಗೆ ಬಂದರೆ ಒಂದೇ ಬೇಸಿಗೆಗೆ ತೋಟ ಖಾಲಿ.

"ಇದು ಹೆಚ್ಚಾಗಿ ಅಡಗಿ ಕೂರೋದು ಗ್ಲೋಗ್ ಮರದಲ್ಲಿ. ಯಾರ ಮನೆ ಮರದಲ್ಲಿ ಒಂದೇ ಒಂದು ತುದಿ ಕಪ್ಪಾದ್ರೂ ನನಗೆ ಫೋನ್ ಮಾಡಿ. ಆ ಮರ ಬೇರುಸಹಿತ ಹೋಗ್ಬೇಕು" ಎಂದಳು ಪಾವುನೋವಾ.

ಸ್ತಾಮೆನಾ ಎದ್ದು ನಿಂತಳು. "ಇಂಜಿನಿಯರಮ್ಮ, ನಿಮ್ಮ ಇಲಾಖೆ ಹುಟ್ಟೋಕೆ ಮುಂಚೆ ಈ ಮರ ಇಲ್ಲಿತ್ತು. ರೋಗ ಬಂದಿದ್ದು ಪೇಟೆ ನರ್ಸರಿಯ ಗುಲಾಬಿ ಹೂವಿನ ಗಿಡದಿಂದ ಇರ್ಬೇಕು, ಅದನ್ನ ಹೋಗಿ ಕೀಳಿ."

ಜನ ನಕ್ಕರು. ಗೆರಾಸಿಮ್ ಎಲ್ಲರಿಗಿಂತ ಜೋರಾಗಿ ನಕ್ಕು ಕೆಮ್ಮಿದ. ಆದರೆ ಸ್ತಾಮೆನಾ ಚಿತ್ರಗಳನ್ನು ಒಂದೂ ಬಿಡದೆ ನೋಡಿದ್ದಳು. ಕಸಿ ಕಟ್ಟುವವರ ಕಣ್ಣು ಅದು, ಒಮ್ಮೆ ನೋಡಿದ್ದನ್ನು ಮರೆಯುವುದಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅವಳು ಗೇಟು ತೆಗೆಯುವಾಗ ಕಣ್ಣಿಗೆ ಬಿತ್ತು. ತನ್ನ ಮರದ ಉತ್ತರದ ಕೊಂಬೆಯ ತುದಿಯಲ್ಲಿ ಗೇಣುದ್ದದ ಚಿಗುರು ಕಪ್ಪಾಗಿ ಬಾಗಿತ್ತು. ಮಂಜಿಗೆ ಸುಟ್ಟಿರಬೇಕು ಎಂದುಕೊಂಡಳು. ಮಂಜು ಒಂದೇ ತುದಿಯನ್ನು ಹುಡುಕಿಕೊಂಡು ಬಂದು ಸುಡುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಮಂಜೇ ಎಂದುಕೊಂಡಳು. ಇಂಜಿನಿಯರಮ್ಮ ಸೋಮವಾರ ಗೇಟು ಗೇಟಿಗೂ ಬರುವವಳಿದ್ದಳು. ಸ್ತಾಮೆನಾ ಕತ್ತರಿ ತಂದು ಆ ತುದಿಯನ್ನು ಒಂದು ಮೊಳ ಕೆಳಗೆ ಕತ್ತರಿಸಿ, ಏಪ್ರನ್‌ನಲ್ಲಿ ಸುತ್ತಿಕೊಂಡು ಹೋಗಿ ಒಲೆಗೆ ಹಾಕಿದಳು. ಕತ್ತರಿಸಿದ ಬಿಳಿ ಗಾಯಕ್ಕೆ ಮಣ್ಣು ಮೆತ್ತಿದಳು.

ಸೋಮವಾರ ಪಾವುನೋವಾ ಬಂದು ಮರದ ಸುತ್ತ ನೋಡಿ, ಪುಸ್ತಕದಲ್ಲಿ ಗುರುತು ಹಾಕಿ, "ಊರಿಗೇ ಚೆಂದದ ಮರ ನಿಮ್ಮದು" ಎಂದು ಹೇಳಿ ಹೋದಳು.

ಆ ವರ್ಷ ಚಳಿ ತಡವಾಗಿ ಬಿಟ್ಟಿತ್ತು. ಹಬ್ಬದ ಹೊತ್ತಿಗೆ ಮಾಮೂಲಿಗೆ ಮರಸೇಬಿನ ಹೂ ಉದುರಿ ಕಾಯಿ ಕಚ್ಚಿರುತ್ತದೆ, ಆ ಸಲ ತೋಟವಿಡೀ ಬೆಳ್ಳಗೆ ಅರಳಿ ನಿಂತಿತ್ತು. ಗೆರ್ಗ್ಯೋವ್‌ದೆನ್ ಬೆಳಗ್ಗೆ ಸ್ತಾಮೆನಾ ಮನೆಯೊಳಗೇ ಇದ್ದಳು. ಹಿಟ್ಟು ನಾದಿದ್ದನ್ನೇ ಮತ್ತೆ ನಾದುತ್ತಿದ್ದಳು. ಬೇಲಿಯಾಚೆಯಿಂದ ತಮ್ಮ ಕೂಗಿದ.

"ಅಕ್ಕಾ! ಕುರಿಮರಿ ಕಾಯ್ತಾ ಇದೆ, ಬೆಂಕಿ ಕಾಯ್ತಾ ಇದೆ. ಕೊಂಬೆ ಎಲ್ಲೇ?"

"ಈ ವರ್ಷ ಬೇಡ ಕಣೋ. ಸೊಂಟ ನೋವು."

"ಕೊಂಬೆ ತೂಗುಹಾಕೋಕೆ ಸೊಂಟ ಯಾಕೆ? ತುಂಬು ಫಸಲಿನ ವರ್ಷ, ಇವತ್ತೇ ಕೈ ಕೊಡ್ತೀಯಾ? ಏನು, ಮರಕ್ಕೇನಾದ್ರೂ ಆಗಿದ್ಯಾ?"

ತಮಾಷೆಗೆ ಕೇಳಿದ ಮಾತು. ಹ್ಞೂಂ ಕಣೋ, ಆಗಿದೆ, ಹತ್ತಿರ ಬರಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಮರ ಹೋಗುತ್ತಿತ್ತು, ನೂರ ಎಂಬತ್ತು ಉಳಿಯುತ್ತಿದ್ದವು. ವಾಚನಾಲಯದಲ್ಲಿ ಎದ್ದು ನಿಂತು ಆಡಿದ ಮಾತು, ಊರು ನಕ್ಕ ನಗು ಅವಳ ಬಾಯಿಗೆ ಅಡ್ಡ ಬಂತು. ಇದನ್ನು ನಾಚಿಕೆ ಅನ್ನುವವರು ಅನ್ನಲಿ. ನನ್ನ ಮಟ್ಟಿಗೆ ಅದು ಹೇಡಿತನ.

"ನನ್ನ ಮರಕ್ಕೇನಾಗುತ್ತೋ? ಬಂದೆ ತಾಳು" ಎಂದಳು.

ಮೊನ್ನೆಯ ಕತ್ತರಿಯೇ ಕೈಗೆ ಬಂತು. ದಕ್ಷಿಣದ ಕಡೆಯ, ಕಣ್ಣಿಗೆ ಆರೋಗ್ಯವಾಗಿ ಕಂಡ ಕೊಂಬೆಯನ್ನೇ ಆರಿಸಿದಳು. ಕತ್ತರಿಸಿದ ಮೇಲೆ ನೋಡಿದರೆ ಎಲೆಯ ಬುಡದಲ್ಲಿ ಹೊಂಬಣ್ಣದ ಅಂಟಿನ ಹನಿಯೊಂದು ಹೊಳೆಯುತ್ತಿತ್ತು. ಏಪ್ರನ್ನಿನ ತುದಿಯಿಂದ ಅದನ್ನು ಒರೆಸಿದಳು. ತಮ್ಮನ ಮೊದಲ ಮರಸೇಬಿನ ಹೂಗಳ ನಡುವೆ ಕೊಂಬೆ ತೂಗುಹಾಕಿ, ಮುಳ್ಳು ನನಗೆ, ಹಣ್ಣು ನಿನಗೆ ಎಂದು ಮೂರು ಸಲ ಹೇಳಿದಳು. ಹೂವಿನಲ್ಲಿ ಜೇನುಹುಳುಗಳು ಗುಂಯ್‌ಗುಡುತ್ತಿದ್ದವು. ಗೆರಾಸಿಮ್ ಟೋಪಿ ತೆಗೆದು ನಿಂತಿದ್ದ.

ಜೂನ್ ಮೊದಲ ವಾರ ಅವನು ಅವಳನ್ನು ಕೂಗಿ ಕರೆಯಲಿಲ್ಲ, ಬೇಲಿಯ ಹತ್ತಿರ ಬಂದು ಸುಮ್ಮನೆ ನಿಂತ. ಅವಳು ಹಿಂದೆಯೇ ಹೋದಳು. ಮೊದಲ ಮರ ಯಾರೋ ಪಂಜು ಹಿಡಿದು ಸುಟ್ಟ ಹಾಗಿತ್ತು. ಆ ಸಾಲಿನುದ್ದಕ್ಕೂ ತುದಿಗಳು ಕಪ್ಪಾಗಿ ಬಾಗಿದ್ದವು. ಎರಡನೆಯ ಸಾಲು ಶುರುವಾಗಿತ್ತು. ಒಣಗಿದ ಗ್ಲೋಗ್ ಕೊಂಬೆ ಇನ್ನೂ ಅಲ್ಲೇ ತೂಗುತ್ತಿತ್ತು. ಗೆರಾಸಿಮ್ ಅದನ್ನು ಸರಿಸಿ ಸುಟ್ಟ ಚಿಗುರು ತೋರಿಸಿದ. ಸರಿಸಿದ ಕೈ ಆ ಕೊಂಬೆಯನ್ನು ಒಂದಿಷ್ಟೂ ಅನುಮಾನಿಸಲಿಲ್ಲ.

"ಯಾವ ಪಾಪಿ ಮನೆಯಿಂದ ಬಂತಕ್ಕಾ ಇದು?" ಎಂದ.

ಅವಳು ಮುಂದಿನ ಮರದ ತುದಿ ನೋಡಲು ಹೋದಳು.

ಪಾವುನೋವಾ ಬಂದಳು, ತೋಟ ಕಡಿಯಬೇಕೆಂಬ ಕಾಗದ ಬಂತು, ಜುಲೈ ಮುಗಿಯುವುದರೊಳಗೆ ನೂರ ಎಂಬತ್ತೂ ಬುಡಮೇಲಾದವು. ಇಳಿಜಾರಿನಲ್ಲಿ ನಾಲ್ಕು ದಿನ ಬೆಂಕಿ ಉರಿಯಿತು. ಅರ್ಧ ಬೆಳೆದ ಕಾಯಿಗಳು ಬೆಂಕಿಯಲ್ಲಿ ಸಿಡಿಯುವ ಸದ್ದು ಸ್ತಾಮೆನಾಳ ಅಡುಗೆಮನೆಗೆ ಕೇಳುತ್ತಿತ್ತು. ಕಿಟಕಿ ಮುಚ್ಚಿಕೊಂಡರೂ ಕೇಳುತ್ತಿತ್ತು.

ಪಕ್ಕದ ಅಂಗಳದ ಅನಾನಿಯ ಬಳಿ ಒಂದು ದ್ಯೂಲ್ಯಾ ಮರವಿತ್ತು, ಒಗರು ಹಳದಿ ಹಣ್ಣಿನದು. ಅನಾನಿ ಹೆಂಡತಿಯನ್ನು ಕಳೆದುಕೊಂಡ, ಕಡಿಮೆ ಮಾತಿನ ಬಡಗಿ. ಆ ಮರ ಅವನ ಹೆಂಡತಿ ಮದುವೆಯಾದ ವಾರ ನೆಟ್ಟದ್ದು. ತೋಟದ ರೋಗ ಬೇಲಿ ದಾಟಿ ಅದರ ಎರಡು ತುದಿಗೆ ಹತ್ತಿತ್ತು. ಗೆರಾಸಿಮ್‌ಗೆ ಸಿಟ್ಟು ತೀರಿಸಲು ಒಂದು ಗುರಿ ಬೇಕಿತ್ತು, ಆ ಎರಡು ತುದಿ ಸಾಕಾಯಿತು. ಬೇಲಿಯ ಬಳಿ ನಿಂತು ಬಾಯಿಗೆ ಬಂದಂತೆ ಬೈದ.

"ಗೊತ್ತಿದ್ದೂ ಬಚ್ಚಿಟ್ಟಿದ್ದೀಯ ಕಣೋ! ಒಂದು ಮರದ ಆಸೆಗೆ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೋ!"

"ನನ್ನ ಮರಕ್ಕೆ ಬಂದಿದ್ದು ಹೋದ ವಾರ ಗೆರಾಸಿಮ್" ಎಂದ ಅನಾನಿ. "ನಿನ್ನ ತೋಟ ಅಷ್ಟರಲ್ಲಿ ಸುಟ್ಟಾಗಿತ್ತು."

"ಸುಳ್ಳು!"

ಅನಾನಿ ಒಳಗೆ ಹೋಗಿ ಗರಗಸ ತಂದು, ಹೆಂಡತಿಯ ಮರವನ್ನು ತಾನೇ ಕೊಯ್ದು ಹಾಕಿದ. ಸ್ತಾಮೆನಾ ತನ್ನ ಮರದ ನೆರಳಲ್ಲಿ ನಿಂತು ಅದನ್ನೆಲ್ಲ ನೋಡಿದಳು. ಬಚ್ಚಿಟ್ಟವಳು ಅವಳು, ಬೈಗುಳ ತಿಂದವನು ಅವನು. ಗೇಟು ದಾಟಿ ಹತ್ತು ಹೆಜ್ಜೆ ಹೋಗಿ ಒಂದು ಮಾತು ಹೇಳಿದ್ದರೆ ಆ ಬೈಗುಳವಾದರೂ ಸೇರಬೇಕಾದವಳಿಗೆ ಸೇರುತ್ತಿತ್ತು. ಅವಳು ಹೋಗಲಿಲ್ಲ. ಆ ರಾತ್ರಿ ಊಟವೂ ಸೇರಲಿಲ್ಲ, ಅದರಿಂದ ಯಾರಿಗೆ ಏನು ಬಂತು?

ಅವಳ ಮರ ಮಾತ್ರ, ಒಳಗೆ ರೋಗ ಇಟ್ಟುಕೊಂಡೇ, ಹೊರಗೆ ಹಸಿರಾಗಿ ನಿಂತಿತ್ತು. ಗ್ಲೋಗ್ ಎಷ್ಟೋ ಸಲ ಹಾಗೇ, ತಾನು ಸಾಯುವುದಿಲ್ಲ. ಅಕ್ಟೋಬರಿನಲ್ಲಿ ಮೈತುಂಬ ಕೆಂಪು ಕಾಯಿ ಹೊತ್ತಿತು.

ಎಲೆ ಉದುರಿದ ಮೇಲೆ ಒಂದು ದಿನ ಗೆರಾಸಿಮ್ ಗೇಟಿಗೆ ಬಂದ. ನಾಲ್ಕು ತಿಂಗಳಲ್ಲಿ ಮನುಷ್ಯ ಅರ್ಧ ಇಳಿದುಹೋಗಿದ್ದ. ಗುದ್ದಲಿ ಹಿಡಿದಿದ್ದ. ಬಹಳ ದಿನಗಳ ಮೇಲೆ ಮುಖದಲ್ಲಿ ಒಂದಿಷ್ಟು ನಗುವಿತ್ತು.

"ಕಿಟಕಿ ತೆಗೆದ್ರೆ ಆ ಬೋಳು ಇಳಿಜಾರು ಕಾಣುತ್ತೆ ಅಕ್ಕಾ. ನೋಡೋಕಾಗಲ್ಲ. ಕಿಟಕಿ ಮುಂದೆ ಒಂದು ಗ್ಲೋಗ್ ನೆಡೋಣ ಅಂತ. ಎಲ್ಲರಿಗೂ ಆರಿಸಿ ಕೊಟ್ಟಿದ್ದೀಯ, ನನಗೊಂದು ಕೊಡು."

"ಗುಡ್ಡದಲ್ಲಿ ಬೇಕಾದಷ್ಟಿವೆ. ನಾಳೆ ಹೋಗೋಣ."

"ಗುಡ್ಡದ್ದು ಬೇಡ. ನನಗೆ ಇದರದ್ದೇ ಬೇಕು." ಮರದ ಬುಡದಲ್ಲಿ ಬೇರಿನಿಂದ ಎದ್ದಿದ್ದ ಮೊಳದುದ್ದದ ಗಿಡವನ್ನು ತೋರಿಸಿದ. "ಎಲ್ಲ ಸುಟ್ಟುಹೋದ್ರೂ ನಿನ್ನ ಮರ ಒಂದು ಕೂದಲು ಕೊಂಕದೆ ನಿಂತಿದೆ. ಇದರ ರಕ್ತವೇ ಗಟ್ಟಿ. ನೂಲು ತಾ, ಉತ್ತರ ಯಾವ ಕಡೆ ನೋಡಿ ಕಟ್ಟು."

"ಇದು ಬೇಡ ಗೆರಾಸಿಮ್."

"ಯಾಕೆ?"

"ಬೇಡ ಅಂದ್ರೆ ಬೇಡ."

"ಯಾಕಕ್ಕಾ?"

"ನನ್ನ ಮರ. ಕೊಡಲ್ಲ."

ಅವನು ಮೊದಲು ನಕ್ಕ, ತಮಾಷೆ ಎಂದುಕೊಂಡ. ಆಮೇಲೆ ಅವಳ ಮುಖ ನೋಡಿದ. ನಗು ನಿಂತಿತು.

"ನಲವತ್ತು ಮನೆಗೆ ಕೊಟ್ಟೆ. ಕಂಡೋರಿಗೆಲ್ಲ ಕೊಟ್ಟೆ. ಈ ಮರನ ಹೊತ್ತು ತಂದಿದ್ದು ಯಾರೇ?" ಅಂಗಿಯ ಗುಂಡಿ ಕಿತ್ತು ಹೆಗಲು ತೋರಿಸಿದ. ಈ ಸಲ ರಾಕಿಯಾ ಕುಡಿದಿರಲಿಲ್ಲ. "ಇದು ಇನ್ನೂ ಒಳಗೇ ಇದೆ ನೋಡು. ಕೊನೆಗೆ ಬೇರಿಗೆ ಎದ್ದ ಒಂದು ಕಡ್ಡಿಗೂ ನಾನು ಬೇಡವಾದೆನಾ?"

ಅವಳ ಕಣ್ಣ ಮುಂದೆ ಎರಡು ದಾರಿ ಇದ್ದವು. ಜಿಪುಣಿ ಎಂದು ಅವನು ದ್ವೇಷಿಸಬಹುದು. ಇಲ್ಲವೇ, ಟೋಪಿ ತೆಗೆದು ನಿಂತಿದ್ದ ತನ್ನೆದುರಿಗೇ ಅಕ್ಕ ಗೊತ್ತಿದ್ದೂ ರೋಗ ತೂಗುಹಾಕಿದಳು ಎಂದು ತಿಳಿದುಕೊಳ್ಳಬಹುದು. ಮೊದಲನೆಯದನ್ನು ಅವಳು ಹೊರಬಲ್ಲಳು.

"ಹೌದು. ಬೇಡವಾದೆ" ಎಂದಳು.

ಗೆರಾಸಿಮ್ ಗುದ್ದಲಿಯನ್ನು ಅಲ್ಲೇ ಬಿಟ್ಟು ಹೋದ.

ಮೂರು ದಿನಗಳ ಮೇಲೆ ಸ್ತಾಮೆನಾ ಹಾಡುಹಗಲಲ್ಲಿ ತನ್ನ ಮರವನ್ನು ಕೊಯ್ದಳು. ಅರವತ್ತರ ಹೆಂಗಸು, ಒಬ್ಬಳೇ, ಬೆಳಗ್ಗೆಯಿಂದ ಸಂಜೆವರೆಗೆ. ಕಾಂಡದೊಳಗೆ ಕಂದು ಕೆಂಪಿನ ಕಲೆ ಹಬ್ಬಿತ್ತು. ಅಂಗೈ ಹರಿದು ರಕ್ತ ಬಂದರೂ ಕೈಗವಸು ಹಾಕಿಕೊಳ್ಳಲಿಲ್ಲ. ಕೊಂಬೆ, ಕಾಯಿ, ಬೇರಿಗೆ ಎದ್ದ ಗಿಡ, ತೊಗಟೆಯ ಚೂರುಗಳವರೆಗೂ ಗುಡಿಸಿ ಸುಟ್ಟಳು. ಕತ್ತರಿಯನ್ನೂ ಅದೇ ಬೆಂಕಿಗೆ ಹಾಕಿದಳು. ಬೇಲಿಯಾಚೆ ಕುರ್ಚಿಯಲ್ಲಿ ಕೂತಿದ್ದ ಗೆರಾಸಿಮ್ ಕೊನೆಯವರೆಗೂ ನೋಡಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಊರಿಗೆ ಸುದ್ದಿ ಹಬ್ಬಲು ಹೊತ್ತೆಷ್ಟು ಬೇಕು? ಮನೆಗೆ ಮರ ಆರಿಸಲು ಯಾರೂ ಅವಳನ್ನು ಕರೆಯಲಿಲ್ಲ. ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ. ಹೊಸ ಮನೆಯವರು ಪೇಟೆ ನರ್ಸರಿಯಿಂದ ಗುಲಾಬಿ ಹೂವಿನದನ್ನೇ ತಂದು, ಉತ್ತರ ದಕ್ಷಿಣ ನೋಡದೆ ನೆಟ್ಟರು.

ಮುಂದಿನ ಗೆರ್ಗ್ಯೋವ್‌ದೆನ್ ಮುನ್ನಾದಿನ ಅವಳು ಬ್ರೆಡ್ಡಿಗೆಂದು ಅಂಗಡಿಗೆ ಹೋದಾಗ ಗೆರಾಸಿಮ್ ಅಲ್ಲಿ ನಾಲ್ಕು ಜನರ ನಡುವೆ ಕೂತಿದ್ದ. ಅವಳನ್ನು ಕಂಡು ದನಿ ಎತ್ತರಿಸಿದ.

"ಕೇಳಿದ್ರೇನ್ರಯ್ಯಾ? ನನಗೆ ಒಂದು ಗಿಡ ಕೊಡ್ಬೇಕಾಗುತ್ತೆ ಅಂತ ಮರವನ್ನೇ ಕಡಿದು ಸುಟ್ಟಳು. ಒಡಹುಟ್ಟಿದವಳು!"

ಮೂಲೆಯಲ್ಲಿದ್ದ ಅನಾನಿ ಎದ್ದು ಬಂದ. ಕಟ್ಟಿಗೆಯ ಬಣ್ಣ ನೋಡಿ ಅದರ ಜಾತಕ ಹೇಳುವ ಬಡಗಿ ಅವನು, ಅವಳ ಗೇಟಿನ ಮುಂದೆ ದಿನವೂ ಓಡಾಡುವವನು, ಕಂದು ಕಲೆಯ ಆ ಮೋಟನ್ನು ಕಂಡಿದ್ದವನು. ಅವಳಿಗಷ್ಟೇ ಅಲ್ಲ, ಗೆರಾಸಿಮ್‌ಗೂ ಕೇಳುವ ಹಾಗೆ, ಮೆಲ್ಲಗೆ ಕೇಳಿದ.

"ಸ್ತಾಮೆನಾ, ಮರಕ್ಕೆ ಏನಾದ್ರೂ ಆಗಿತ್ತಾ? ಆಗಿದ್ರೆ ಹೇಳಿಬಿಡು. ನಾನು ಏನೂ ಅಂದ್ಕೊಳ್ಳಲ್ಲ."

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಅವಳಿಗೆ ನಿಜ ಹೇಳಿಕೊಳ್ಳಲು ಬಾಗಿಲು ತೆಗೆದು ನಿಂತಿದ್ದ. ಗೆರಾಸಿಮ್ ತಲೆಯೆತ್ತಿ ಅಕ್ಕನ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿಗಿಂತ ಆಸೆ ಹೆಚ್ಚಿತ್ತು, ಏನಾದರೂ ಒಂದು ಕಾರಣ ಸಿಗಲಿ ಎಂಬ ಆಸೆ.

"ಏನೂ ಆಗಿರಲಿಲ್ಲ" ಎಂದಳು ಸ್ತಾಮೆನಾ. "ಕೊಡೋಕೆ ಮನಸ್ಸಾಗಲಿಲ್ಲ, ಅಷ್ಟೇ."

ಬ್ರೆಡ್ಡು ತೆಗೆದುಕೊಂಡು ಮನೆಗೆ ಬಂದಳು. ಗೇಟಿನ ಪಕ್ಕದ ಮೋಟಿನಲ್ಲಿ ಮತ್ತೆ ಎರಡು ಚಿಗುರು ಎದ್ದಿದ್ದವು. ಅವಳು ಚೀಲ ಕೆಳಗಿಟ್ಟು, ಗೆರಾಸಿಮ್ ಬಿಟ್ಟುಹೋಗಿದ್ದ ಗುದ್ದಲಿಯಿಂದ ಅವನ್ನು ಕಡಿದಳು.